ಮಗುಚಿ ನೋಡಿ ಕೊಳ್ಳಬೇಕಾದ ಗಿಟಾರ್

ಪೆಡಲ್ ಸ್ಟೀಲ್ ಗಿಟಾರ್ ಕೊಳ್ಳಲು ಹೊರಟವರು ಮೊದಲು ಅದನ್ನು ಮಗುಚಿ ನೋಡಬೇಕು. ಮೇಲೆ ಕಾಣುವುದು ಹೊಳಪು ಕೊಟ್ಟ ಮೇಪಲ್ ಹಲಗೆ, ಹತ್ತು ತಂತಿ, ಫ್ರೆಟ್‌ಗಳ ಗುರುತು ಬರೆದ ಪಟ್ಟಿ, ಅಷ್ಟೆ. ಕೊಟ್ಟ ಹಣಕ್ಕೆ ಬಂದದ್ದೇನು ಎಂಬುದು ಗೊತ್ತಾಗುವುದು ಕೆಳಭಾಗದಲ್ಲಿ. ಅಲ್ಲಿ ಅಡ್ಡಕ್ಕೆ ಹಾಯ್ದ ಲೋಹದ ದಂಡಗಳಿವೆ, ಉದ್ದಕ್ಕೆ ಚಾಚಿದ ಸಪೂರ ಕಂಬಿಗಳಿವೆ, ಮೊಣಕಾಲಿಗೆ ತಾಗುವಂತೆ ಇಳಿಬಿದ್ದ ಲಿವರ್‌ಗಳಿವೆ. ಪೆಡಲ್ ತುಳಿದಾಗ ಕಂಬಿ ಎಳೆಯುತ್ತದೆ. ತಂತಿಯ ತುದಿಯನ್ನು ಹಿಡಿದಿರುವ ‘ಫಿಂಗರ್’ ಎಂಬ ಲೋಹದ ತುಂಡು ವಾಲುತ್ತದೆ, ತಂತಿ ಬಿಗಿದು ಸ್ವರ ಏರುತ್ತದೆ. ಕಾಲು ತೆಗೆದಾಗ ಆ ಸ್ವರ ಹೊರಟಲ್ಲಿಗೇ ಬಂದು ನಿಲ್ಲಬೇಕು. ನೂರು ಸಲ ತುಳಿದರೆ ನೂರು ಸಲವೂ ಅಲ್ಲಿಗೇ ಬರಬೇಕು. ಹೊಸಬರು ಕೊಳ್ಳುವ ವಾದ್ಯದಲ್ಲಿ ಇದಕ್ಕಿಂತ ಮುಖ್ಯವಾದ ಗುಣ ಬೇರೊಂದಿಲ್ಲ.

ನಾಲ್ಕು ಕಾಲಿನ ಮೇಲೆ ನಿಲ್ಲುವ ಈ ವಾದ್ಯದ ಮುಂದೆ ಕುಳಿತವರಿಗೆ ಮೈಯೆಲ್ಲ ಕೆಲಸ. ಎಡಗೈಯಲ್ಲಿ ದುಂಡನೆಯ ಉಕ್ಕಿನ ಬಾರ್, ಬಲಗೈ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ಇನ್ನೆರಡು ಬೆರಳಿಗೆ ಲೋಹದ ಪಿಕ್. ಎಡಪಾದ ಪೆಡಲ್‌ಗಳ ಮೇಲೆ, ಬಲಪಾದ ವಾಲ್ಯೂಮ್ ಪೆಡಲ್ ಮೇಲೆ, ಎರಡೂ ಮೊಣಕಾಲು ಲಿವರ್‌ಗಳ ನಡುವೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಗೋಟುವಾದ್ಯ ನೆನಪಾದೀತು. ಅಲ್ಲೂ ಮೆಟ್ಟಿಲುಗಳಿಲ್ಲ, ತಂತಿಯ ಮೇಲೆ ಕೊರಡು ಜಾರುತ್ತದೆ. ಆದರೆ ಅಲ್ಲಿ ಗಮಕವೆಲ್ಲ ಕೈಯದೇ. ಪೆಡಲ್ ಸ್ಟೀಲ್‌ನಲ್ಲಿ ಬಾರ್ ಒಂದೇ ಕಡೆ ನಿಂತಿರುವಾಗಲೇ ಒಂದು ತಂತಿ ಏರಬಲ್ಲದು, ಇನ್ನೊಂದು ಇಳಿಯಬಲ್ಲದು, ಮೂರನೆಯದು ಕದಲದೆ ನಿಲ್ಲಬಲ್ಲದು. ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಎದೆ ಕರಗಿಸುವ ಆ ಎಳೆತ ಹುಟ್ಟುವುದು ಇಲ್ಲಿ. ಕಂಟ್ರಿ ಸಂಗೀತ ಕೇಳದವರ ಕಿವಿಗೂ ಇದು ಬಿದ್ದಿರುತ್ತದೆ. ಎಲ್ಟನ್ ಜಾನ್ 1971ರಲ್ಲಿ ಹಾಡಿದ ‘ಟೈನಿ ಡ್ಯಾನ್ಸರ್’ನಲ್ಲಿ ತೇಲಿಬರುವ ತಂತಿಯ ನಾದ ಇಂಗ್ಲೆಂಡಿನ ಬಿ.ಜೆ. ಕೋಲ್ ಅವರ ಪೆಡಲ್ ಸ್ಟೀಲ್‌ನದು. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಮತ್ತು ಯಂಗ್ ಅವರ 1970ರ ‘ಟೀಚ್ ಯುವರ್ ಚಿಲ್ಡ್ರನ್’ನಲ್ಲಿ ಅದನ್ನು ನುಡಿಸಿದವರು ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ. ಆಗ ಅವರೇ ಈ ವಾದ್ಯಕ್ಕೆ ಹೊಸಬರು.

ಹೊಸಬರ ಮುಂದೆ ಇರುವ ಪ್ರಶ್ನೆಗಳು ಹಲವು. ಎಷ್ಟು ತಂತಿ, ಎಷ್ಟು ಪೆಡಲ್, ಒಂದು ಕತ್ತೋ ಎರಡೋ, ಹೊಸದೋ ಹಳೆಯದೋ. ಇವಕ್ಕೆಲ್ಲ ಉತ್ತರ ಈ ವಾದ್ಯದ ಚರಿತ್ರೆಯಲ್ಲೇ ಇದೆ. ಒಂದೊಂದು ಪೆಡಲ್ ಏಕೆ ಬಂತು ಎಂದು ತಿಳಿದವರಿಗೆ ಯಾವುದು ಇಲ್ಲದಿದ್ದರೆ ಕಲಿಕೆ ಕುಂಟುತ್ತದೆ ಎಂಬುದೂ ತಿಳಿಯುತ್ತದೆ.

ಮೂಲ ಹವಾಯಿ ದ್ವೀಪಗಳದು. 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತ ಶಾಲಾ ಹುಡುಗನಾಗಿದ್ದಾಗಲೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕು ಜಾರಿಸುವ ಕ್ರಮವನ್ನು ರೂಢಿಸಿದ. ಅಲ್ಲಿಂದ ಅದು ಅಮೆರಿಕದ ಮುಖ್ಯಭೂಮಿಗೆ ಬಂತು, 1930ರ ದಶಕದ ಆರಂಭದಲ್ಲಿ ರಿಕೆನ್‌ಬ್ಯಾಕರ್ ಕಂಪನಿಯ ಕೈಯಲ್ಲಿ ವಿದ್ಯುತ್ ವಾದ್ಯವಾಯಿತು. ಬಾರ್ ನೆಟ್ಟಗೆ ಇರುವುದರಿಂದ ಒಂದು ಶ್ರುತಿಗೆ ಒಂದೇ ಬಗೆಯ ಸ್ವರಮೇಳ ಸುಲಭವಾಗಿ ಸಿಗುತ್ತದೆ. ಬೇರೆ ಸ್ವರಮೇಳ ಬೇಕೆಂದರೆ ಬೇರೆ ಶ್ರುತಿಯ ಇನ್ನೊಂದು ಕತ್ತು ಬೇಕು. ಹೀಗಾಗಿ ಎರಡು, ಮೂರು, ನಾಲ್ಕು ಕತ್ತುಗಳ ಗಿಟಾರ್‌ಗಳು ಬಂದವು. ಕತ್ತು ಹೆಚ್ಚಿಸುವ ಬದಲು ಕಾಲಿನಿಂದ ಶ್ರುತಿ ಬದಲಿಸಬಾರದೇಕೆ ಎಂಬ ಯೋಚನೆಯಿಂದ ಪೆಡಲ್ ಹುಟ್ಟಿತು. ಮೊದಮೊದಲು ಹೆಚ್ಚಿನವರು ಪೆಡಲ್ ತುಳಿಯುತ್ತಿದ್ದದ್ದು ಎರಡು ಸ್ವರಮೇಳಗಳ ನಡುವಿನ ಬಿಡುವಿನಲ್ಲಿ, ಶ್ರುತಿ ಬದಲಾದದ್ದು ಕೇಳುಗರಿಗೆ ಗೊತ್ತಾಗದ ಹಾಗೆ.

ಆ ಪದ್ಧತಿಯನ್ನು ತಲೆಕೆಳಗು ಮಾಡಿದ್ದು ಒಂದು ಹಾಡು. ವೆಬ್ ಪಿಯರ್ಸ್ ಅವರ ‘ಸ್ಲೋಲಿ’ 1953ರ ಕೊನೆಯಲ್ಲಿ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಣಗೊಂಡು 1954ರಲ್ಲಿ ಕಂಟ್ರಿ ಪಟ್ಟಿಯ ಮೇಲ್ತುದಿಯಲ್ಲಿ 17 ವಾರ ಕೂತಿತು. ಅದರಲ್ಲಿ ಸ್ಟೀಲ್ ನುಡಿಸಿದ ಬಡ್ ಐಸಾಕ್ಸ್, ಪಾಲ್ ಬಿಗ್ಸ್‌ಬಿ ಕಟ್ಟಿಕೊಟ್ಟ ಗಿಟಾರ್‌ನ ಪೆಡಲನ್ನು ತಂತಿ ಇನ್ನೂ ಮೊಳಗುತ್ತಿರುವಾಗಲೇ ತುಳಿದರು. ಎರಡು ಸ್ವರ ಮೇಲಕ್ಕೆ ಸರಿದವು, ಒಂದು ನಿಂತಲ್ಲೇ ನಿಂತಿತು, ಒಂದು ಸ್ವರಮೇಳ ಕಿವಿಯೆದುರೇ ಕರಗಿ ಇನ್ನೊಂದಾಯಿತು. ಸ್ಟೀಲ್ ಕಲಾವಿದರು ತಮ್ಮ ಮಾಮೂಲಿ ಗಿಟಾರ್‌ಗಳಿಗೂ ಪೆಡಲ್ ಜೋಡಿಸಿಕೊಳ್ಳತೊಡಗಿದರು.

ಮುಂದಿನ ಹೆಜ್ಜೆ ಇಟ್ಟವರು ಬಡ್ಡಿ ಎಮ್ಮನ್ಸ್. ಇಂಡಿಯಾನಾದ ಮಿಶಾವಾಕಾದಲ್ಲಿ 1937ರಲ್ಲಿ ಹುಟ್ಟಿ, ಹದಿನೆಂಟರ ಹರೆಯದಲ್ಲಿ ನ್ಯಾಶ್‌ವಿಲ್‌ಗೆ ಬಂದು ಲಿಟ್ಲ್ ಜಿಮ್ಮಿ ಡಿಕನ್ಸ್ ತಂಡ ಸೇರಿದ ಹುಡುಗ. ಐಸಾಕ್ಸ್ ಒಂದೇ ಪೆಡಲ್‌ನಿಂದ ಎರಡು ಸ್ವರ ಏರಿಸುತ್ತಿದ್ದರು. ಎಮ್ಮನ್ಸ್ ಆ ಕೆಲಸವನ್ನು ಒಡೆದು ಎರಡು ಪೆಡಲ್‌ಗೆ ಹಂಚಿದರು. ಒಂದು ಪೆಡಲ್ ಬಿ ತಂತಿಗಳನ್ನು ಸಿ ಶಾರ್ಪ್‌ಗೆ ಏರಿಸುತ್ತದೆ, ಇನ್ನೊಂದು ಜಿ ಶಾರ್ಪ್ ತಂತಿಗಳನ್ನು ಎ ಸ್ವರಕ್ಕೆ. ಎರಡನ್ನೂ ಒಟ್ಟಿಗೆ ತುಳಿದರೆ ಹಳೆಯ ಪರಿಣಾಮ, ಒಂದೊಂದನ್ನೇ ತುಳಿದರೆ ಅದುವರೆಗೆ ಕೈಗೆಟುಕದಿದ್ದ ಸ್ವರಗಳು. ಇವತ್ತಿಗೂ ಅವಕ್ಕೆ ಎ ಪೆಡಲ್, ಬಿ ಪೆಡಲ್ ಎಂದೇ ಹೆಸರು. ಒಂದೇ ಪಾದವನ್ನು ಎರಡರ ಮೇಲೂ ಇಟ್ಟು ಕಣಕಾಲನ್ನು ಆಚೀಚೆ ಹೊರಳಿಸುವುದೇ ಈ ವಾದ್ಯದ ಮೊದಲ ಪಾಠ. 1962ರಲ್ಲಿ ಎಮ್ಮನ್ಸ್ ಎಫ್ ಶಾರ್ಪ್ ಮತ್ತು ಡಿ ಶಾರ್ಪ್ ತಂತಿಗಳನ್ನು ಮೇಲ್ಗಡೆ ಸೇರಿಸಿದರು. ಎಂಟು ತಂತಿಯ ವಾದ್ಯ ಹತ್ತಕ್ಕೆ ಬಂದು ನಿಂತಿತು. ಇವೆರಡರ ಜೊತೆಗೆ ಬಂದ ಮೂರನೆಯ, ಸಿ ಪೆಡಲ್‌ನ ಹಿಂದೆ ಕ್ಯಾಲಿಫೋರ್ನಿಯಾದ ರಾಲ್ಫ್ ಮೂನಿ ಅವರ ಕೈ ಇದೆ. ಮೊಣಕಾಲಿನ ಲಿವರ್‌ಗಳು ಒಂದೊಂದಾಗಿ ಸೇರಿಕೊಂಡವು. ಹೀಗೆ ಹಲವರ ಕೈಯಲ್ಲಿ ಬೆಳೆದು ನೆಲೆಗೊಂಡ ವ್ಯವಸ್ಥೆಗೆ ಇ-ನೈಂತ್ ಶ್ರುತಿ, ಮೂರು ಪೆಡಲ್, ನಾಲ್ಕು ಮೊಣಕಾಲ ಲಿವರ್ ಎಂಬ ರೂಪ ಬಂತು. ನುಡಿಸುವವರು ಚುಟುಕಾಗಿ ‘ತ್ರೀ ಆ್ಯಂಡ್ ಫೋರ್’ ಎನ್ನುತ್ತಾರೆ.

ಮೊದಲ ಗಿಟಾರ್ ಇದೇ ಆಗಿರಬೇಕು. ಇದರಲ್ಲಿ ರಾಜಿ ಬೇಡ.

ಏಕೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಜಿ ಮೇಜರ್ ಸ್ವರಮೇಳ ಈ ಶ್ರುತಿಯಲ್ಲಿ ಮೂರು ಕಡೆ ಸಿಗುತ್ತದೆ. ಪೆಡಲ್ ಏನೂ ತುಳಿಯದೆ ಮೂರನೆಯ ಫ್ರೆಟ್‌ನಲ್ಲಿ, ಎ ಮತ್ತು ಬಿ ಪೆಡಲ್ ಎರಡನ್ನೂ ತುಳಿದು ಹತ್ತನೆಯ ಫ್ರೆಟ್‌ನಲ್ಲಿ. ಇವೆರಡರ ನಡುವೆ ಆರನೆಯ ಫ್ರೆಟ್‌ನಲ್ಲಿ ಮೂರನೆಯ ನೆಲೆ ಇದೆ. ಅಲ್ಲಿ ಎ ಪೆಡಲ್ ತುಳಿದು, ಜೊತೆಗೆ ಇ ತಂತಿಗಳನ್ನು ಎಫ್‌ಗೆ ಏರಿಸುವ ಮೊಣಕಾಲ ಲಿವರ್ ಒತ್ತಬೇಕು. ಮೂರರಿಂದ ಆರಕ್ಕೆ, ಆರರಿಂದ ಹತ್ತಕ್ಕೆ ಜಾರುವ ಈ ದಾರಿಯ ಮೇಲೆಯೇ ಕಂಟ್ರಿ ಸಂಗೀತದ ಅರ್ಧ ಪಾಲು ನಡೆದಾಡುತ್ತದೆ. ಆ ಒಂದು ಲಿವರ್ ಇಲ್ಲದಿದ್ದರೆ ನಡುವಿನ ನೆಲೆಯೇ ಮಾಯ. ಇ ತಂತಿಗಳನ್ನು ಅರ್ಧಸ್ವರ ಇಳಿಸುವ ಲಿವರ್ ಇಲ್ಲದಿದ್ದರೆ ಮೈನರ್ ಸ್ವರಮೇಳವೊಂದರ ಸಲೀಸಾದ ನೆಲೆ ಹೋಗುತ್ತದೆ, ಐದನೆಯ ಸ್ವರದ ಮೇಲಿನ ಸ್ವರಮೇಳಕ್ಕೆ ಬಾರ್ ಕದಲಿಸದೆ ಹೋಗುವ ಹಾದಿಯೂ ಮುಚ್ಚುತ್ತದೆ. ಬಲ ಮೊಣಕಾಲಿನ ಲಿವರ್‌ಗಳು ಎರಡನೆಯ ಮತ್ತು ಒಂಬತ್ತನೆಯ ತಂತಿಯ ಇಳಿಕೆಗಳಿಗೆ, ಮೊದಲ ತಂತಿಯ ಏರಿಕೆಗೆ. ಅವುಗಳ ಕೆಲಸ ತಯಾರಕರಿಂದ ತಯಾರಕರಿಗೆ ತುಸು ಬದಲಾಗುತ್ತದೆ, ಕಲಿಯುವವರಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಇ ತಂತಿಯ ಎರಡು ಲಿವರ್ ಮಾತ್ರ ಬಿಡುವಂತಿಲ್ಲ.

ಪಾಠಗಳೂ ಈ ವ್ಯವಸ್ಥೆಯನ್ನೇ ನಂಬಿಕೊಂಡಿವೆ. ವಿನ್ನಿ ವಿನ್‌ಸ್ಟನ್ ಮತ್ತು ಬಿಲ್ ಕೀತ್ 1975ರಲ್ಲಿ ಹೊರತಂದ ‘ಪೆಡಲ್ ಸ್ಟೀಲ್ ಗಿಟಾರ್’ ಪುಸ್ತಕ ಒಂದು ತಲೆಮಾರಿಗೆ ಗುರುವಾಯಿತು. ನ್ಯಾಶ್‌ವಿಲ್ ಬಳಿ ನೆಲೆಸಿದ್ದ ಜೆಫ್ ನ್ಯೂಮನ್ ತಮ್ಮ ತರಗತಿಗಳಿಂದ, ಧ್ವನಿಮುದ್ರಿತ ಪಾಠಗಳಿಂದ ಸಾವಿರಾರು ಮೈಲಿ ದೂರದವರಿಗೂ ಕಲಿಸಿದರು. ಪೆಡಲ್ ಅಥವಾ ಲಿವರ್ ಕಡಿಮೆ ಇರುವ ಗಿಟಾರ್ ಹಿಡಿದವರು ಇಂಥ ಪಾಠಗಳ ಅರ್ಧದಲ್ಲಿ ನಿಲ್ಲಬೇಕಾಗುತ್ತದೆ. ದೋಷ ವಾದ್ಯದ್ದು, ಆದರೆ ಹೊಸಬರು ಅದನ್ನು ತಮ್ಮ ಕೈಯ ದೋಷವೆಂದು ತಿಳಿಯುತ್ತಾರೆ. ಅಗ್ಗದ ವಾದ್ಯದಿಂದ ಆಗುವ ನಿಜವಾದ ನಷ್ಟ ಇದು, ಹಣದ್ದಲ್ಲ.

ಹಳೆಯ ಗಿಟಾರ್‌ಗಳ ಮಾರುಕಟ್ಟೆಯಲ್ಲಿ ಕಣ್ಣು ಸೆಳೆಯುವ ಹೆಸರುಗಳು ಹಲವು. 1950ರ ದಶಕದ ಕೊನೆಯಲ್ಲಿ ಬಂದ ಫೆಂಡರ್ 400 ನೋಡಲು ಚೆಂದ, ಎಂಟು ತಂತಿ, ಕಂಬಿಯ ಬದಲು ಕೇಬಲ್ ಎಳೆತ, ಮೊಣಕಾಲ ಲಿವರ್ ಇಲ್ಲ. ಫ್ಲೈಯಿಂಗ್ ಬುರಿಟೊ ಬ್ರದರ್ಸ್ ತಂಡದ ‘ಸ್ನೀಕಿ ಪೀಟ್’ ಕ್ಲೈನೋ ಅದರಲ್ಲೇ 1969ರ ‘ದ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್’ ಆಲ್ಬಂ ನುಡಿಸಿ ಹೆಸರಾದರು. ಆದರೆ ಅವರ ಶ್ರುತಿ ಅವರದೇ, ಪೆಡಲ್‌ಗಳ ಜೋಡಣೆಯೂ ಅವರದೇ. ಅವರ ಹಾದಿಯಲ್ಲಿ ಹೋಗುವವರಿಗೆ ಪುಸ್ತಕವೂ ಇಲ್ಲ, ಗುರುವೂ ಇಲ್ಲ. ಎಮ್ಮನ್ಸ್ ಮತ್ತು ಶಾಟ್ ಜಾಕ್ಸನ್ ಸೇರಿ 1950ರ ದಶಕದಲ್ಲಿ ಕಟ್ಟಿದ ಶೋ-ಬಡ್ ಕಂಪನಿ ವಿದ್ಯಾರ್ಥಿಗಳಿಗೆಂದೇ ‘ಮ್ಯಾವರಿಕ್’ ಮಾಡಿತು. ಮೂರು ಪೆಡಲ್ ಇದ್ದರೂ ಒಂದೇ ಲಿವರ್ ಇರುವ ಮ್ಯಾವರಿಕ್‌ಗಳು ಇಂದಿಗೂ ಮಾರಾಟಕ್ಕೆ ಬರುತ್ತವೆ. ಆಗಿನ ಕಾಲಕ್ಕೆ ಅದು ಸಾಕಿತ್ತು, ಇಂದಿನ ಪಾಠಗಳಿಗೆ ಸಾಲದು. ಎಮ್ಮನ್ಸ್ 1963ರಲ್ಲಿ ಶೋ-ಬಡ್ ಬಿಟ್ಟು ತಮ್ಮ ಹೆಸರಿನಲ್ಲೇ ತಯಾರಿಸಿದ ‘ಪುಷ್-ಪುಲ್’ ಗಿಟಾರ್‌ನ ನಾದಕ್ಕೆ ಮಾರುಹೋಗದವರಿಲ್ಲ. ಅದರ ಯಂತ್ರವನ್ನು ಶ್ರುತಿಗೆ ಕೂಡಿಸುವುದು ಅನುಭವಿಗಳ ಕೆಲಸ. ಅದನ್ನು ಎರಡನೆಯ ಅಥವಾ ಮೂರನೆಯ ಗಿಟಾರ್‌ಗೆ ಮೀಸಲಿಡುವುದು ಒಳ್ಳೆಯದು. ಹೊಸಬರಿಗೆ ಒಪ್ಪುವುದು ಈಗ ಎಲ್ಲೆಡೆ ಬಳಕೆಯಲ್ಲಿರುವ ‘ಆಲ್-ಪುಲ್’ ಯಂತ್ರ. ಅದರಲ್ಲಿ ಏರಿಕೆ, ಇಳಿಕೆ ಎರಡೂ ಕಂಬಿಯ ಎಳೆತದಿಂದಲೇ ನಡೆಯುತ್ತವೆ. ಪ್ರತಿ ಎಳೆತಕ್ಕೂ ಗಿಟಾರ್‌ನ ಬಲತುದಿಯಲ್ಲಿ ಒಂದು ಪುಟ್ಟ ನೈಲಾನ್ ನಟ್ ಇರುತ್ತದೆ. ಅದನ್ನು ತಿರುವಿ ಆ ಪೆಡಲ್‌ನ ಸ್ವರವನ್ನು ಕೂಡಿಸಬಹುದು.

ಎರಡು ಕತ್ತಿನ ಗಿಟಾರ್ ಕಂಡರೆ ಆಸೆಯಾಗುವುದು ಸಹಜ. ಎದುರಿನ ಕತ್ತು ಇ-ನೈಂತ್, ಹತ್ತಿರದ್ದು ಸಿ-ಸಿಕ್ಸ್ತ್, ಎಂಟು ಪೆಡಲ್. ಸಿ-ಸಿಕ್ಸ್ತ್ ಶ್ರುತಿ ವೆಸ್ಟರ್ನ್ ಸ್ವಿಂಗ್‌ಗೆ, ಜಾಜ್‌ಗೆ ಒಗ್ಗುತ್ತದೆ. ಆದರೆ ಪೆಟ್ಟಿಗೆ ಸಮೇತ ಇದರ ತೂಕ 30 ಕಿಲೋ ದಾಟುವುದುಂಟು. ಹೊಸಬರ ಮೊದಲ ವರ್ಷ ಒಂದು ಕತ್ತಿನಲ್ಲೇ ಕಳೆದುಹೋಗುತ್ತದೆ. ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಬೇಡಿಕೆಯಿದ್ದವರಲ್ಲಿ ಒಬ್ಬರಾದ ಲಾಯ್ಡ್ ಗ್ರೀನ್ 1970ರ ದಶಕದಲ್ಲಿ ಎರಡನೆಯ ಕತ್ತನ್ನೇ ಬಿಟ್ಟರು. ಅವರಿಗಾಗಿ ಶೋ-ಬಡ್ ತಯಾರಿಸಿದ ‘ಎಲ್‌ಡಿಜಿ’ ಮಾದರಿಯಲ್ಲಿ ಆ ಜಾಗದಲ್ಲಿ ಮುಂಗೈ ಊರಲು ಮೆತ್ತೆ ಇತ್ತು. ಅಂಥವರಿಗೇ ಒಂದು ಕತ್ತು ಸಾಕಾದ ಮೇಲೆ ಕಲಿಯುವವರು ಸಂಕೋಚ ಪಡಬೇಕಾಗಿಲ್ಲ.

ಕೊಳ್ಳುವ ಮುನ್ನ ಕೇಳಲೇಬೇಕಾದ ಇನ್ನೊಂದು ವಿಷಯ ಪೆಡಲ್‌ಗಳ ಕ್ರಮ. ಎಡದಿಂದ ಬಲಕ್ಕೆ ಎ, ಬಿ, ಸಿ ಎಂದಿದ್ದರೆ ಅದು ಎಮ್ಮನ್ಸ್ ಕ್ರಮ. ಸಿ, ಬಿ, ಎ ಎಂದಿದ್ದರೆ ಜಿಮ್ಮಿ ಡೇ ಅವರ ಹೆಸರಿನ ಡೇ ಕ್ರಮ. ಎರಡರಲ್ಲೂ ದೊಡ್ಡ ಕಲಾವಿದರಿದ್ದಾರೆ. ಆದರೆ ಕಣಕಾಲು ಹೊರಳುವ ದಿಕ್ಕೇ ಬೇರೆಯಾಗುವುದರಿಂದ ಒಂದಕ್ಕೆ ಹೊಂದಿಕೊಂಡ ಕಾಲು ಇನ್ನೊಂದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಎಮ್ಮನ್ಸ್ ಕ್ರಮ ಹೆಚ್ಚು ಬಳಕೆಯಲ್ಲಿದೆ, ಪಾಠಗಳೂ ಹೆಚ್ಚಾಗಿ ಅದರಲ್ಲೇ ಇವೆ. ಕಲಿಸುವವರು ಹತ್ತಿರದಲ್ಲಿದ್ದರೆ ಅವರದು ಯಾವ ಕ್ರಮವೋ ಅದನ್ನೇ ಹಿಡಿಯುವುದು ಜಾಣತನ.

ಇನ್ನು ಪರೀಕ್ಷೆ. ಇದಕ್ಕೆ ನುಡಿಸಲು ಬರಬೇಕಾಗಿಲ್ಲ, ಒಂದು ಎಲೆಕ್ಟ್ರಾನಿಕ್ ಟ್ಯೂನರ್ ಮತ್ತು ಅರ್ಧ ಗಂಟೆ ತಾಳ್ಮೆ ಸಾಕು. ನಾಲ್ಕನೆಯ ತಂತಿಯನ್ನು ಮೀಟಿ ಟ್ಯೂನರ್ ಮುಳ್ಳು ಎಲ್ಲಿ ನಿಂತಿದೆ ನೋಡಬೇಕು. ಇ ಏರಿಸುವ ಲಿವರ್ ಒತ್ತಿ ಬಿಟ್ಟು ಮತ್ತೆ ಮೀಟಬೇಕು. ಆಮೇಲೆ ಇಳಿಸುವ ಲಿವರ್ ಒತ್ತಿ ಬಿಟ್ಟು ಮೀಟಬೇಕು. ಮೂರು ಸಲವೂ ಮುಳ್ಳು ಒಂದೇ ಕಡೆ ನಿಂತರೆ ಯಂತ್ರ ನಂಬಿಕಸ್ಥ. ಇಳಿದು ಬಂದಾಗ ಒಂದು ಕಡೆ, ಏರಿ ಬಂದಾಗ ಇನ್ನೊಂದು ಕಡೆ ನಿಂತರೆ ಫಿಂಗರ್‌ಗಳಲ್ಲಿ ಕೊಳೆ ಕೂತಿರಬಹುದು, ಸ್ಪ್ರಿಂಗ್ ಸೋತಿರಬಹುದು ಅಥವಾ ಲೋಹ ಸವೆದಿರಬಹುದು. ಕೊಳೆ, ಸ್ಪ್ರಿಂಗ್ ಸರಿಪಡಿಸಬಹುದಾದವು. ಸವೆತಕ್ಕೆ ದುಬಾರಿ ಮದ್ದು ಬೇಕು.

ಎರಡನೆಯ ಪರೀಕ್ಷೆ ಅದಕ್ಕಿಂತ ಸೂಕ್ಷ್ಮ. ಅದೇ ನಾಲ್ಕನೆಯ ತಂತಿ ಮೊಳಗುತ್ತಿರುವಾಗ ಎ ಮತ್ತು ಬಿ ಪೆಡಲ್ ತುಳಿಯಬೇಕು. ಆ ಪೆಡಲ್‌ಗಳಿಗೂ ಆ ತಂತಿಗೂ ಸಂಬಂಧವಿಲ್ಲ, ಆದರೂ ಸ್ವರ ತುಸು ಇಳಿಯುತ್ತದೆ. ಎಳೆತದ ಬಲಕ್ಕೆ ಮರದ ಮೈ ಕಣ್ಣಿಗೆ ಕಾಣದಷ್ಟು ಬಾಗುವುದೇ ಕಾರಣ. ಇದನ್ನು ‘ಕ್ಯಾಬಿನೆಟ್ ಡ್ರಾಪ್’ ಎನ್ನುತ್ತಾರೆ. ಒಂದು ಅರ್ಧಸ್ವರದಲ್ಲಿ ನೂರು ಸೆಂಟ್ ಎಂದು ಲೆಕ್ಕ. ನಾಲ್ಕೈದು ಸೆಂಟ್ ಇಳಿದರೆ ಕಿವಿ ಸಹಿಸುತ್ತದೆ. ಹತ್ತು ದಾಟಿದರೆ ಪೆಡಲ್ ತುಳಿದ ಸ್ವರಮೇಳ ಎಂದೂ ಶ್ರುತಿಗೆ ಕೂಡದು, ಆ ಗಿಟಾರನ್ನು ಬಿಟ್ಟುಬಿಡಬೇಕು.

ಆಮೇಲೆ ಮಗುಚಿ ಹಾಕಿ ಕೆಳಗಿನದನ್ನು ನಿಧಾನವಾಗಿ ನೋಡಬೇಕು. ತುಕ್ಕು, ಸೊಟ್ಟಗಾದ ಕಂಬಿ, ತಂತಿ ಸುತ್ತಿ ತಾತ್ಕಾಲಿಕವಾಗಿ ಬಿಗಿದ ಜಾಗ, ಬಿರುಕು ಬಿಟ್ಟ ಎರಕದ ಭಾಗ. ಪೆಡಲ್ ಕಂಬಿಗಳು, ಕಾಲುಗಳು, ಪೆಟ್ಟಿಗೆ ಎಲ್ಲ ಜೊತೆಗಿವೆಯೇ ಎಂದು ಎಣಿಸಿಕೊಳ್ಳಬೇಕು. ಮೊಣಕಾಲ ಲಿವರ್‌ಗಳ ನಡುವೆ ಕಾಲು ಆರಾಮವಾಗಿ ಹಿಡಿಯುತ್ತದೆಯೇ ಎಂಬುದನ್ನು ಕುಳಿತೇ ನೋಡಬೇಕು. ಎತ್ತರದವರಿಗೆ ಉದ್ದನೆಯ ಕಾಲು, ಉದ್ದನೆಯ ಪೆಡಲ್ ಕಂಬಿ ಬೇಕಾಗಬಹುದು. ಕಂಪನಿ ಇನ್ನೂ ನಡೆಯುತ್ತಿದೆಯೇ, ಬಿಡಿಭಾಗ ಸಿಗುತ್ತವೆಯೇ ಎಂಬುದೂ ಬೆಲೆಯಷ್ಟೇ ಮುಖ್ಯ. ಟೆಕ್ಸಾಸ್‌ನ ಕಾರ್ಟರ್ ಕಂಪನಿ ‘ಕಾರ್ಟರ್ ಸ್ಟಾರ್ಟರ್’ ಎಂಬ ಮೂರು ಪೆಡಲ್, ನಾಲ್ಕು ಲಿವರ್‌ಗಳ ಗಿಟಾರನ್ನು ಹೊಸಬರಿಗೆಂದೇ ಅಗ್ಗದಲ್ಲಿ ಮಾಡಿತ್ತು. ಕಂಪನಿ ಮುಚ್ಚಿದ್ದರೂ ಅದರ ಗಿಟಾರ್‌ಗಳು ಹಳೆಯ ಮಾಲಿನಲ್ಲಿ ಕಾಣಸಿಗುತ್ತವೆ. ‘ಸ್ಟೇಜ್ ಒನ್’ ಅದೇ ಉದ್ದೇಶದ, ಗಟ್ಟಿ ಯಂತ್ರದ ಇನ್ನೊಂದು ಗಿಟಾರ್. ಜಿಎಫ್ಐ, ಮಲ್ಲೆನ್, ಎಂಎಸ್ಎ ಹೆಸರಿನವು ವೃತ್ತಿಪರರ ದರ್ಜೆಯವು. ಅಮೆರಿಕದಲ್ಲಿ ವಿದ್ಯಾರ್ಥಿ ದರ್ಜೆಯ ಒಳ್ಳೆಯ ಗಿಟಾರ್‌ಗೂ ಸಾವಿರ ಡಾಲರ್ ಮೇಲೆ ತೆರಬೇಕು, ವೃತ್ತಿಪರ ದರ್ಜೆಯ ಹೊಸದು ಮೂರು ಸಾವಿರ ದಾಟುವುದು ಸಾಮಾನ್ಯ.

ಗಿಟಾರ್‌ಗೆ ಎಲ್ಲ ಹಣ ಸುರಿದುಬಿಟ್ಟರೆ ಉಳಿದದ್ದಕ್ಕೆ ತತ್ವಾರ. ವಾಲ್ಯೂಮ್ ಪೆಡಲ್ ಇಲ್ಲದೆ ಈ ವಾದ್ಯ ಅಪೂರ್ಣ. ತಂತಿಯ ನಾದ ಕುಗ್ಗುತ್ತಾ ಹೋದಂತೆ ಬಲಪಾದ ಅದನ್ನು ಎತ್ತಿ ಹಿಡಿಯುತ್ತದೆ, ಉಸಿರು ಬಿಡದೆ ಹಾಡಿದ ಹಾಗೆ ಕೇಳುವುದು ಅದರಿಂದಲೇ. ಬಾರ್ ಅನ್ನು ಕೈಯಳತೆಗೆ ತಕ್ಕಂತೆ ಆರಿಸಬೇಕು. ಹೆಚ್ಚಿನವರು ಮುಕ್ಕಾಲು ಇಂಚು ಮೀರಿದ ದಪ್ಪದ, ಕಾಲು ಕಿಲೋ ಆಸುಪಾಸಿನ ಬಾರ್ ಹಿಡಿಯುತ್ತಾರೆ. ಆಂಪ್ಲಿಫೈಯರ್ ವಿಷಯದಲ್ಲಿ ಅವಸರ ಬೇಡ. ಸ್ಟೀಲ್ ಕಲಾವಿದರು ಇಷ್ಟಪಡುವ ಪೀವಿ ನ್ಯಾಶ್‌ವಿಲ್ ಸರಣಿಯಾಗಲಿ ಫೆಂಡರ್ ಟ್ವಿನ್ ರಿವರ್ಬ್ ಆಗಲಿ ಆಮೇಲೆ ಬರಬಹುದು. ಒಡೆಯದ, ಸ್ವಚ್ಛ ನಾದದ ಯಾವುದೇ ಆಂಪ್ ಮನೆಯ ಅಭ್ಯಾಸಕ್ಕೆ ಸಾಕು. ಮೂರನೆಯ ತಂತಿಯನ್ನು ಮಾತ್ರ ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಬೇಕು. ಅದು ಬಲು ತೆಳು, ಬಿಗಿಯೂ ಬಹಳ, ಬಿ ಪೆಡಲ್‌ನ ಪ್ರತಿ ಒತ್ತಿಗೂ ಇನ್ನಷ್ಟು ಎಳೆಸಿಕೊಳ್ಳುವುದರಿಂದ ಎಲ್ಲಕ್ಕಿಂತ ಮೊದಲು ತುಂಡಾಗುತ್ತದೆ.

ಭಾರತಕ್ಕೂ ಸ್ಟೀಲ್ ಗಿಟಾರ್‌ಗೂ ಹಳೆಯ ನಂಟಿದೆ. ಹವಾಯಿಯ ಟಾವ್ ಮೋ 1940ರ ದಶಕದಲ್ಲಿ ಕುಟುಂಬದೊಂದಿಗೆ ಕಲ್ಕತ್ತದಲ್ಲಿದ್ದು ನುಡಿಸಿದರು, ಕಲಿಸಿದರು. ‘ಹವಾಯಿಯನ್ ಗಿಟಾರ್’ ಬಂಗಾಳದ ಮನೆಮನೆಯ ವಾದ್ಯವಾಯಿತು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ರಾಗಸಂಗೀತಕ್ಕೆ ತಂದರು, ವಿಶ್ವಮೋಹನ ಭಟ್ ಮೋಹನವೀಣೆಯಾಗಿ ಬೆಳೆಸಿ 1994ರಲ್ಲಿ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದರು. ಇವೆಲ್ಲ ಪೆಡಲ್ ಇಲ್ಲದ ಪರಂಪರೆ. ಪೆಡಲ್ ಸ್ಟೀಲ್ ಇಲ್ಲಿ ಕಾಣಸಿಗುವುದೇ ಅಪರೂಪ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ಕಲಿಯಬಯಸುವವರು ಹೊರದೇಶದಿಂದಲೇ ತರಿಸಬೇಕಾದೀತು. ಸಾಗಣೆ ಮತ್ತು ಸುಂಕ ಗಿಟಾರ್‌ನ ಬೆಲೆಗೆ ಪೈಪೋಟಿ ಕೊಡುವಷ್ಟು ಆಗಬಹುದು. ಹಾಗಾಗಿ ಅವರಿಗೆ ಒಂದು ಕತ್ತಿನ, ಹಗುರ ಮೈಯ ಗಿಟಾರ್ ಇನ್ನಷ್ಟು ಒಪ್ಪುತ್ತದೆ. ಡಲ್ಲಾಸ್‌ನಲ್ಲೋ ಸೇಂಟ್ ಲೂಯಿಸ್‌ನಲ್ಲೋ ನೆಂಟರಿದ್ದರೆ ಟ್ಯೂನರ್ ಹಿಡಿದು ಮೇಲಿನ ಎರಡು ಪರೀಕ್ಷೆ ಮಾಡಿ ಬರಲು ಕೇಳಿಕೊಳ್ಳಬಹುದು. ಗಿಟಾರ್‌ನ ಪಿಕಪ್‌ಗೆ ವಿದ್ಯುತ್ ಬೇಕಿಲ್ಲ. ಆಂಪ್ ಅನ್ನು ಮಾತ್ರ ಇಲ್ಲೇ ಕೊಳ್ಳಬೇಕು, ಅಲ್ಲಿನ 120 ವೋಲ್ಟ್‌ನ ಆಂಪನ್ನು ಇಲ್ಲಿನ 230 ವೋಲ್ಟ್‌ಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಕರಾವಳಿಯ ತೇವದಲ್ಲಿ ಇಡುವವರು ಹೊಲಿಗೆ ಯಂತ್ರಕ್ಕೆ ಮಾಡುವಂತೆ ಕೀಲುಗಳಿಗೆ ಆಗಾಗ ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಬೇಕು.

ಹತ್ತಿರದಲ್ಲಿ ರಿಪೇರಿಯವರಿಲ್ಲದ ಊರಿನಲ್ಲಿ ಕಲಿಯುವವರು ಯಂತ್ರದ ಕೆಲಸವನ್ನೂ ಒಂದಿಷ್ಟು ಕಲಿಯಲೇಬೇಕು. ಷಟ್ಕೋನದ ಕೀಲಿಯಿಂದ ನೈಲಾನ್ ನಟ್ ತಿರುವುವುದು, ಲಿವರ್‌ನ ತಡೆಸ್ಕ್ರೂ ಸರಿಪಡಿಸುವುದು, ತಂತಿ ಬದಲಿಸುವುದು ಇಷ್ಟು ಗೊತ್ತಿದ್ದರೆ ವರ್ಷಗಟ್ಟಲೆ ಬೇರೆಯವರ ನೆರವು ಬೇಕಾಗದು. ಪಿಯಾನೋದ ಸಮ ಅಳತೆಗೆ ಶ್ರುತಿ ಕೂಡಿಸಿದರೆ ಸ್ವರಮೇಳ ಕಿವಿಗೆ ಗಡುಸಾಗಿ ಬಡಿಯುವುದರಿಂದ, ಹೆಚ್ಚಿನ ಕಲಾವಿದರು ಜಿ ಶಾರ್ಪ್ ತಂತಿಗಳನ್ನು ಕೆಲವು ಸೆಂಟ್ ತಗ್ಗಿಸಿ ಇಡುತ್ತಾರೆ. ತಂಬೂರಿಯ ಜೊತೆ ಅಂತರಗಾಂಧಾರ ಹಿಡಿದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಮ್ಮನ್ಸ್ 1963ರಲ್ಲಿ ನ್ಯೂಯಾರ್ಕಿನ ಜಾಜ್ ವಾದಕರೊಂದಿಗೆ ‘ಸ್ಟೀಲ್ ಗಿಟಾರ್ ಜಾಜ್’ ಎಂಬ ಆಲ್ಬಂ ತಂದರು. ಇ-ನೈಂತ್‌ನಲ್ಲಿ ಕಾಲೂರಿದವರು ಒಂದಲ್ಲ ಒಂದು ದಿನ ಅದನ್ನು ಕೇಳುತ್ತಾರೆ, ಸಿ-ಸಿಕ್ಸ್ತ್‌ನ ಹಂಬಲ ಹುಟ್ಟುತ್ತದೆ. ಆಗ ಎರಡು ಕತ್ತಿನ ಗಿಟಾರ್‌ಗೋ, ಎರಡೂ ಶ್ರುತಿಯನ್ನು ಒಂದೇ ಕತ್ತಿನಲ್ಲಿ ಬೆಸೆದ ಹನ್ನೆರಡು ತಂತಿಯ ‘ಯೂನಿವರ್ಸಲ್’ಗೋ ಮನಸ್ಸು ಮಾಡಬಹುದು. ಬಾರ್, ಪಿಕ್, ವಾಲ್ಯೂಮ್ ಪೆಡಲ್, ಆಂಪ್ ಎಲ್ಲ ಹಳೆಯವೇ ಆಗುತ್ತವೆ. ಮೂರು ಪೆಡಲ್, ನಾಲ್ಕು ಲಿವರ್‌ಗಳ ಗಿಟಾರನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಕೊಟ್ಟ ಹಣದ ಬಹುಪಾಲು ಮರಳಿ ಬರುತ್ತದೆ, ಏಕೆಂದರೆ ಕಲಿಯಲು ಹೊರಟ ಇನ್ನೊಬ್ಬರು ಅಂಥದ್ದನ್ನೇ ಹುಡುಕುತ್ತಿರುತ್ತಾರೆ.